ಪಂಚಾಕ್ಷರಪ್ಪನವರು ಕುಂಟರಾದ ಪ್ರಸಂಗ

ಹೆಂಡತಿಯನ್ನು ಅಳಿಸಿಯೇ ತೀರುತ್ತೇನೆಂದು ಜಗಳೂರಿನ ಕಿರಾಣಿ ಅಂಗಡಿ ಪಂಚಾಕ್ಷರಪ್ಪನವರು ಪಣ ತೊಟ್ಟರು. ತಪ್ಪು ತಿಳಿಯಬೇಡಿ, ಪ್ರೀತಿಯಿಂದ ಅಳಿಸಬೇಕು!

ಊರಿಗೆ ಟೆಂಟ್ ಸಿನಿಮಾ ಬಂದಿತ್ತು. ಅದರಲ್ಲೊಬ್ಬ ಕುಂಟ ಬಳೆಗಾರ. ಹರಕು ಅಂಗಿ, ಹಸಿದ ಹೊಟ್ಟೆ, ಸಾಲದ್ದಕ್ಕೆ ಸಾಹುಕಾರನ ಮಗಳ ಮೇಲೆ ಪ್ರೇಮ! ಅವನನ್ನು ಕಂಡು ಹೆಂಡತಿ ಕೊಟ್ರಮ್ಮ ಸೆರಗು ತೋಯುವಂತೆ ಅತ್ತಳು. ಇಷ್ಟು ವರ್ಷ ಸಂಸಾರ ಮಾಡಿದ ಗಂಡನಿಗಾಗಿ ಒಂದು ತೊಟ್ಟು ಕಣ್ಣೀರು ಹಾಕಿದವಳಲ್ಲ. ಪಂಚಾಕ್ಷರಪ್ಪನವರ ಹೊಟ್ಟೆಗೆ ಬೆಂಕಿ ಬಿತ್ತು. ಹೊಟ್ಟೆ ದೊಡ್ಡದು, ಬೆಂಕಿಯೂ ದೊಡ್ಡದೇ.

ಮರುದಿನ ಬೆಳಿಗ್ಗೆ ಅಂಗಿಯನ್ನು ಹೆಗಲಿನಿಂದ ಸೊಂಟದವರೆಗೆ ಪರ್ರನೆ ಹರಿದುಕೊಂಡು, ತಲೆ ಕೆದರಿಕೊಂಡು, ಅಡುಗೆಮನೆ ಬಾಗಿಲಲ್ಲಿ ನಿಂತರು. ಕೊಟ್ರಮ್ಮ ನೋಡಿದಳು. ಗಳಗಳನೆ ಅತ್ತೇಬಿಟ್ಟಳು!

"ಅಳಬ್ಯಾಡ ಕೊಟ್ರಿ, ನಾನಿದೀನಿ" ಎಂದು ಹಿಗ್ಗಿನಿಂದ ಹತ್ತಿರ ಹೋದರು.

"ನೀವಿದ್ರೆ ಏನ್ ಬಂತ್ರೀ? ಯುದ್ಧ ಶುರುವಾದಾಗಿಂದ ಬಟ್ಟೆ ಎಲ್ಲೈತ್ರೀ? ರೇಷನ್ ಡಿಪೋ ಮುಂದೆ ಬಿಸಿಲಾಗೆ ನಿಂತು ತಂದಿದ್ದು! ಅಯ್ಯೋ ನನ್ನ ಅಂಗಿಯೇ!"

ಅತ್ತದ್ದೇನೋ ನಿಜ, ಆದರೆ ಲೆಕ್ಕಕ್ಕೆ ಬರಲಿಲ್ಲ. ಇನ್ನುಳಿದದ್ದು ಕಾಲು. ಸಂಜೆ ಅಂಗಡಿಯಿಂದ ಕುಂಟುತ್ತಲೇ ಬಂದರು.

"ಏನಾತ್ರೀ ಕಾಲಿಗೆ?"

"ಏನಿಲ್ಲ. ಈ ನತದೃಷ್ಟನ ನೋವು ಇವನಿಗೇ ಇರಲಿ!"

ಕೊಟ್ರಮ್ಮ ಕೂಡಲೇ ಎಲುಬು ಕೂರಿಸುವ ಗಾದ್ರಪ್ಪನನ್ನು ಕರೆಸಿದಳು. ಎತ್ತಿನ ಕಾಲು, ಮನುಷ್ಯರ ಕಾಲು ಎಂದು ಭೇದ ಎಣಿಸದ ಮಹಾನುಭಾವ ಆತ. "ಕೀಲು ಜಾರೈತೆ ಸಾವ್ಕಾರ್ರೆ" ಎಂದವನೇ ಮೊಣಕಾಲು ಹಿಡಿದು ತಿರುವಿದ.

"ಬಿಡೋ! ಏನೂ ಆಗಿಲ್ಲ, ನಾಟಕ ಮಾಡ್ದೆ ಕಣೋ!"

"ನೋವಿಗೆ ಹಿಂಗೇ ಬಡಬಡಿಸ್ತಾರೆ ಅಮ್ಮಾರೆ, ಗಟ್ಟಿಯಾಗಿ ಹಿಡ್ಕಳ್ರಿ" ಎಂದು ಗಾದ್ರಪ್ಪ ಇನ್ನೊಂದು ಸುತ್ತು ತಿರುವಿದ. ಲಟಕ್ಕೆಂದಿತು. ಅಲ್ಲಿಯವರೆಗೆ ನೆಟ್ಟಗಿದ್ದ ಕಾಲು ಆಗ ನಿಜವಾಗಿಯೂ ಕುಂಟಾಯಿತು.

ಮರುದಿನ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದರು. ಹರಕು ಅಂಗಿ, ಮುರುಕು ಕಾಲು, ಇನ್ನೇನು ಬೇಕು? ಈಗಲಾದರೂ ಹೆಂಡತಿ ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡಾಳು ಎಂದು ಆಸೆಯಿಂದ ಕಾದರು. ಕೊಟ್ರಮ್ಮ ಬಂದಳು, ಹೂ ಮುಡಿದುಕೊಂಡು. ನೀರಿನ ಚೊಂಬನ್ನು ತಲೆದೆಸೆಯಲ್ಲಿಟ್ಟಳು.

"ಎಲ್ಲಿಗೆ ಹೊಂಟೆ?"

"ಟೆಂಟಿಗೆ ರೀ. ಇವತ್ತೇ ಕಡೇ ಆಟ ಅಂತೆ."

"ನಾನಿಲ್ಲಿ ಕಾಲು ಮುರ್ಕಂಡು ಬಿದ್ದೀನಲ್ಲೇ!"

"ನಿಮಗೇನ್ರೀ, ನಾನಿದೀನಿ. ಪಾಪ, ಆ ಕುಂಟನಿಗೆ ಯಾರಿದಾರೆ?"