ಬೂದಿ ಬಣ್ಣದ ಮೊಟ್ಟೆ

ಮಾತನಾಡುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಶಾಲೆ ಬಿಟ್ಟದ್ದೂ ಅದಕ್ಕೇ. ಎದ್ದು ನಿಂತು ಗಟ್ಟಿಯಾಗಿ ಓದು ಎಂದರೆ ಗಂಟಲಿಗೆ ಬೀಗ ಬೀಳುತ್ತಿತ್ತು. ಆದರೆ ನಮ್ಮದು ದರ್ಜಿಯ ಮನೆ, ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಅಪ್ಪನ ಹೊಲಿಗೆ ಯಂತ್ರ, ಅಮ್ಮನ ಬಾಯಿ, ಅಜ್ಜಿಯ ಗೊಣಗಾಟ ಮೂರೂ ಒಂದೇ ವೇಗದಲ್ಲಿ ಓಡುತ್ತಿದ್ದವು. (ಯಂತ್ರಕ್ಕಾದರೂ ಆಗಾಗ ದಾರ ಮುಗಿಯುತ್ತಿತ್ತು.)

ಹಿತ್ತಲಿನ ಕೋಳಿಗೂಡು ನನ್ನ ಸಾಮ್ರಾಜ್ಯ. ಬೂದಿ ಬಣ್ಣದ ಕೋಳಿ, ಅದು ಇಡುವ ಮೊಟ್ಟೆಯೂ ಬೂದಿಯೇ ಆಗಬೇಕು ಎಂಬುದು ನನ್ನ ಮಹಾಸಂಕಲ್ಪ.

"ಅದೇನು ಬಣ್ಣವೋ," ಎಂದಳು ಅಮ್ಮ. "ಒಲೆಯಿಂದ ಎದ್ದು ಬಂದ ಹಾಗಿದೆ."

"ಇರ್ಲಿ ಬಿಡೇ. ಸೂಟಿಗೆ ಒಳ್ಳೆ ಬಣ್ಣ," ಎಂದರು ಅಪ್ಪ.

"ಕೋಳಿ ಸೂಟು ಹಾಕ್ಕೊಂಡು ಎಲ್ಲಿಗೆ ಹೋಗುತ್ತಂತೆ? ನೋಡೇ ಪುಟ್ಟಿ, ಮನೆಯೋರು ತಿನ್ನೋಂಥ ಮೊಟ್ಟೆ ಬಂದ್ರೆ ಸರಿ. ಇಲ್ಲಾಂದ್ರೆ ಕೋಳಿನೆಲ್ಲ ಮಾರಿ, ನೀನು ಅಂಗಡೀಲಿ ಕೂತು ಗಿರಾಕಿಗಳ ಹತ್ರ ಮಾತಾಡ್ಬೇಕು."

"ಬಾಯಿದ್ರೆ ತಾನೇ," ಎಂದು ಅಜ್ಜಿ ಗೊಣಗಿದರು.

ಅಂದಿನಿಂದ ಅಪ್ಪನ ಬೂದಿ ದಾರದ ರೀಲನ್ನು ಪ್ರತಿ ಮರಿಯ ಪಕ್ಕ ಹಿಡಿದು ಬಣ್ಣ ತಾಳೆ ನೋಡಿದೆ. ಬೂದಿಗೆ ಬೂದಿ ಜೋಡಿಸಿದರೂ ಮರಿಗಳಲ್ಲಿ ಕಪ್ಪು, ಬಿಳಿ ಇಣುಕುತ್ತಿದ್ದವು. ಮೊಟ್ಟೆಯದು ಇನ್ನೂ ಕಷ್ಟ. ಹುಂಜ ಯಾವ ಬಣ್ಣವನ್ನು ಒಳಗಿಟ್ಟುಕೊಂಡಿದೆ ಎಂಬುದು ಅದರ ಮಗಳು ಮೊಟ್ಟೆ ಇಟ್ಟ ಮೇಲೇ ತಿಳಿಯುವುದು. (ಹುಂಜವನ್ನೇ ಕೇಳಿದರೆ ಬರೀ ಜಂಬ.) ತಪ್ಪು ಬಣ್ಣದವನ್ನು ಪಕ್ಕದ ಮನೆಗೆ ಕೊಟ್ಟೆ. ಸರಿಯಾದ ಬಣ್ಣದವುಗಳಲ್ಲೂ ಕಿರುಚುವವನ್ನು ಕೊಟ್ಟೆ. ನನ್ನ ಮನಸ್ಸಿಗೆ ಹಿಡಿಸಿದವು ಮಾತ್ರ ಉಳಿದವು.

ತಲೆಮಾರು ಕಳೆದಂತೆ ಗೂಡೆಲ್ಲ ಬೂದಿಯಾಯಿತು. ಸದ್ದೂ ಅಡಗಿತು. ಬೆಳಿಗ್ಗೆ ಹುಂಜ ಕತ್ತು ಚಾಚಿ ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ಕಾಳು ಚೆಲ್ಲಿದರೆ ಒಂದೂ ಓಡಿ ಬರುತ್ತಿರಲಿಲ್ಲ. ಎಲ್ಲವೂ ಒಟ್ಟಿಗೆ ಕತ್ತು ಓರೆ ಮಾಡಿ, ಒಂದೊಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದವು. ಹೆದರಿಕೆಯಾಗಬೇಕಿತ್ತು. ನನಗೆ ಸಮಾಧಾನವಾಯಿತು: ಕೊನೆಗೂ ನನ್ನಂಥವರು ಸಿಕ್ಕರು.

ಒಂದು ದಿನ ಬೂದಿ ಮೊಟ್ಟೆಗಳು ಬಂದವು. ಆಗತಾನೇ ಇಟ್ಟಿದ್ದರೂ ಕೈಗೆ ತಣ್ಣಗಿದ್ದವು. ಅಮ್ಮ ಬೇಯಿಸಿದಳು, ಮೂವರೂ ತಿಂದರು. ನಾನು ತಿನ್ನಲಿಲ್ಲ. (ಇಟ್ಟವರ ಪರಿಚಯವಿದ್ದುದರಿಂದ ಸಂಕೋಚ.)

"ಪರ್ವಾಗಿಲ್ಲ ಕಣೇ, ರುಚಿಯಾಗೇ ಇದೆ. ಇರ್ಲಿ ನಿನ್ನ ಕೋಳಿಗಳು," ಎಂದಳು ಅಮ್ಮ.

ಅವಳು ಆಡಿದ ಕೊನೆಯ ಮಾತು ಅದೇ.

ಮರುದಿನ ಮನೆಯಲ್ಲಿ ಯಂತ್ರದ ಸದ್ದು ಮಾತ್ರ ಇತ್ತು. ಕಾಫಿ ಆರಿದೆ ಎಂದು ಅಪ್ಪ ರೇಗಲಿಲ್ಲ. ಅಜ್ಜಿ ತಟ್ಟೆಯ ಅನ್ನವನ್ನು ಒಂದೊಂದೇ ಅಗುಳು ಹೆಕ್ಕಿ ತಿಂದರು. ನಾನು ಬೇಕೆಂದೇ ದೊಡ್ಡ ಪಾತ್ರೆಯೊಂದನ್ನು ಬೀಳಿಸಿದೆ. ಮೂವರೂ ಒಟ್ಟಿಗೆ ಕತ್ತು ಓರೆ ಮಾಡಿ ನನ್ನನ್ನು ನೋಡಿದರು.

"ಅಮ್ಮಾ, ಒಂದ್ಸಲ ಬೈಯಮ್ಮ," ಎಂದೆ. "ಅಜ್ಜಿ, ನೀವಾದ್ರೂ ಗೊಣಗಿ."

ಅಜ್ಜಿ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆದರು.

ಬಂದ ಗಿರಾಕಿಗಳು ಆ ನೋಟ ಕಂಡು ಹೊಸ್ತಿಲಲ್ಲೇ ಬೆವರಿದರು. ಯಾರಾದರೂ ಮಾತಾಡದಿದ್ದರೆ ಅಂಗಡಿ ಮುಚ್ಚಿದಂತೆಯೇ. ಮಾತು ಹೊರಡುವ ಗಂಟಲು ಮನೆಯಲ್ಲಿ ಒಂದೇ ಉಳಿದಿತ್ತು. ಈಗ ಅಳತೆ ಕೂಗುವವಳು ನಾನು, ಚೌಕಾಸಿ ಮಾಡುವವಳು ನಾನು, ಒಲೆಯ ಮೇಲೆ ಏನಾದರೂ ಸೀದರೆ ಮನೆಮಂದಿಗೆಲ್ಲ ಬೈಯುವವಳೂ ನಾನೇ.

"ಬಾಯಿ ಅಂದ್ರೆ ಬಾಯಿ. ನಿಮ್ಮಮ್ಮನ್ನೂ ಮೀರಿಸಿಬಿಟ್ಟೆ," ಎಂದು ಪಕ್ಕದ ಮನೆಯ ಅತ್ತೆ ಮೆಚ್ಚಿಕೊಂಡರು.

ನಿನ್ನೆ ಮಧ್ಯಾಹ್ನ ಸಾಕಾಗಿಹೋಯಿತು. ಒಂದು ಮೊಟ್ಟೆ ಬೇಯಿಸಿ ಸಿಪ್ಪೆ ಸುಲಿದೆ. ಒಳಗೂ ಬೂದಿಯೇ. ಒಂದು ತುತ್ತು ತಿಂದರೆ ಜನ್ಮವೆಲ್ಲ ನೆಮ್ಮದಿ. ತುಟಿಯ ಹತ್ತಿರ ತಂದೆ, ಅಷ್ಟರಲ್ಲಿ ಬಾಗಿಲಲ್ಲಿ ಬಸ್ ಡ್ರೈವರ್ ಕೂಗಿದ: "ಯಾರಮ್ಮ ಒಳಗೆ? ನನ್ನ ಪ್ಯಾಂಟು ಆಯ್ತಾ?"

ಯಂತ್ರ ನಿಂತಿತು. ಅಪ್ಪ, ಅಮ್ಮ, ಅಜ್ಜಿ ಮೂವರ ಕತ್ತೂ ನನ್ನತ್ತ ವಾಲಿತು.

ಮೊಟ್ಟೆಯನ್ನು ತಟ್ಟೆಯಲ್ಲಿಟ್ಟೆ. "ಆಯ್ತು ಅಣ್ಣಾ, ಗುಂಡಿ ಹಾಕೋದೊಂದು ಬಾಕಿ. ನಾಳೆ ಬನ್ನಿ," ಎಂದು ಬೀದಿಗೆ ಕೇಳುವಂತೆ ಕೂಗಿದೆ.

ಬಟ್ಟೆಯನ್ನು ಇನ್ನೂ ಕತ್ತರಿಸಿಯೇ ಇರಲಿಲ್ಲ.