ಗೇಬ್ರಿಯಲರ ಎದೆನೋವು

ಜೆಸ್ಸಿ ಲಿಫ್ಟಿನಲ್ಲಿ ಬಾಯಿಬಿಟ್ಟದ್ದೇ ಎಲ್ಲಕ್ಕೂ ಮೂಲ. ಮಗ ಪ್ರಿಯನ್‌ಗೆ ಅಬುಧಾಬಿಯ ಮೆಡಿಕಲ್ ಕಾಲೇಜೊಂದರಿಂದ ಇಂಟರ್‌ವ್ಯೂಗೆ ಕರೆ ಬಂದಿದೆ, ಸೀಟು ಸಿಗುವ ತನಕ ಯಾರಿಗೂ ಹೇಳಬೇಡ ಎಂದಿದ್ದಾನೆ ಎಂದು ಅವರು ಹೇಳಿದ್ದು ಪಕ್ಕದ ಫ್ಲ್ಯಾಟಿನ ಸ್ವರ್ಣಲತಾಗೆ. ಕರಾಮಾದ ಆ ಕಟ್ಟಡದಲ್ಲಿ ಸ್ವರ್ಣಲತಾಗೆ ಗುಟ್ಟು ಹೇಳುವುದೂ ಒಂದೇ, ಟೆರೇಸಿನಲ್ಲಿ ಮೈಕು ಕಟ್ಟಿಸುವುದೂ ಒಂದೇ.

ಪ್ರಿಯನ್ ಗುಟ್ಟು ಮಾಡಿದ್ದಕ್ಕೆ ಕಾರಣವಿತ್ತು. ಬಿಎಸ್ಸಿಯಲ್ಲಿ ಅವನ ಜಿಪಿಎ ನಾಲ್ಕಕ್ಕೆ ಎರಡೂಕಾಲು. ಅಷ್ಟು ಕಮ್ಮಿ ಬಂದದ್ದೇಕೆ ಎಂದು ಕೇಳಿದರೆ ಹೇಳಿಕೊಳ್ಳುವಂಥ ಒಂದು ಕಷ್ಟವೂ ಅವನ ಬಳಿ ಇರಲಿಲ್ಲ. ಜ್ವರ ಬಂದಿರಲಿಲ್ಲ, ಯಾವ ಹುಡುಗಿಯೂ ಕೈಕೊಟ್ಟಿರಲಿಲ್ಲ. ಶುಕ್ರವಾರ ಅಲ್ ಕೂಜ್‌ನ ಗೋದಾಮುಗಳ ಹಿಂದಿನ ಬಯಲಿನಲ್ಲಿ ಕ್ರಿಕೆಟ್ ಆಡಿದ್ದ, ಉಳಿದ ದಿನಗಳಲ್ಲಿ ಆ ಆಯಾಸಕ್ಕೆ ಮಲಗಿದ್ದ, ಅಷ್ಟೆ.

ಬುದ್ಧಿ ಬಂದದ್ದು ಆಮೇಲೆ, ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೆಲಸಕ್ಕೆ ಕೂತ ಮೇಲೆ. ಒಂದು ದಿನ ಲೇಬರ್ ಕ್ಯಾಂಪಿನ ಒಬ್ಬ ವಯಸ್ಸಾದ ಡ್ರೈವರ್ ಬಂದು ಟೋಕನ್ ಹಿಡಿದು ಮೂಲೆಯಲ್ಲಿ ಕೂತರು. ನರಳಲಿಲ್ಲ, ಮಾತಾಡಲಿಲ್ಲ, ಮುಖ ಬೂದಿಯ ಹಾಗಿತ್ತು. ಪ್ರಿಯನ್‌ಗೆ ಏನನ್ನಿಸಿತೋ, ಸಾಲು ತಪ್ಪಿಸಿ ಅವರನ್ನು ನೇರ ಡಾಕ್ಟರ ಕೋಣೆಗೆ ಕರೆದೊಯ್ದ. ಹೃದಯಾಘಾತವಾಗಿತ್ತು, ಮನುಷ್ಯ ಬದುಕಿಕೊಂಡರು. ಅಂದಿನಿಂದ ಪ್ರಿಯನ್‌ಗೆ ಡಾಕ್ಟರಾಗುವುದು ಬಿಟ್ಟು ಬೇರೇನೂ ಬೇಡವಾಯಿತು. ಕಾಲೇಜುಗಳು ಒಂದೊಂದಾಗಿ ಅವನ ಜಿಪಿಎ ನೋಡಿ ಕ್ಷಮೆ ಕೇಳಿದ್ದವು. ಕರೆದದ್ದು ಇದೊಂದೇ.

ಇಂಟರ್‌ವ್ಯೂ ದಿನ ಬೆಳಿಗ್ಗೆ ಅವನು ಟೈ ಕಟ್ಟುವಷ್ಟರಲ್ಲಿ ಇಡೀ ಮಹಡಿ ಬಾಗಿಲಲ್ಲಿತ್ತು. ಎದುರು ಫ್ಲ್ಯಾಟಿನ ಎಮಿಲಿಯಾ ಆಂಟಿ, ಮಾರ್ಕು ಕಮ್ಮಿಯಾದ್ದಕ್ಕೆ ಡೆಂಗ್ಯೂ ಎಂದು ಹೇಳಲು ಸಲಹೆ ಕೊಟ್ಟರು. ಬಸ್ಸಿನಲ್ಲಿ ಹೋಗುತ್ತೇನೆಂದರೆ ಯಾರೂ ಕೇಳಲಿಲ್ಲ. ಸ್ವರ್ಣಲತಾರ ಗಂಡ ಪೂವಪ್ಪನವರಿಗೆ ರಾಸ್ ಅಲ್ ಖೋರ್‌ನಲ್ಲಿ ಕಾರು ರಿಪೇರಿಯ ಗ್ಯಾರೇಜು. ಅವರು ಕೀಲಿಕೈ ತಿರುಗಿಸುತ್ತಾ ಕೆಳಗೆ ನಿಂತಾಗಿತ್ತು. ಜೆಸ್ಸಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಆದರೆ ಜೆಬೆಲ್ ಅಲಿಯ ಗೋದಾಮಿನಿಂದ ಆಗಷ್ಟೆ ನಿವೃತ್ತರಾಗಿ ಬಾಲ್ಕನಿಯಲ್ಲಿ ಕೂತು ಹೋಗಿಬರುವ ಕಾರು ನೋಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ಅಪ್ಪ ಗೇಬ್ರಿಯಲರು, ಇಸ್ತ್ರಿ ಮಾಡಿದ ಅಂಗಿ ಹಾಕಿ ಮುಂದಿನ ಸೀಟಿನಲ್ಲಿ ಕೂತಿದ್ದರು. ಹಿಂದೆ ಸ್ವರ್ಣಲತಾ, ಅವರ ತೊಡೆಯ ಮೇಲೆ ನೀರುದೋಸೆಯ ಡಬ್ಬಿ.

ಊರವರ ಕಾರಿನ ಎಸಿಯನ್ನೆಲ್ಲ ಸರಿಮಾಡುವ ಪೂವಪ್ಪನವರ ಸ್ವಂತ ಕಾರಿನ ಎಸಿ ಜೆಬೆಲ್ ಅಲಿ ದಾಟುವ ಮೊದಲೇ ಉಸಿರು ನಿಲ್ಲಿಸಿತು. ಕಿಟಕಿ ಇಳಿಸಿದರೆ ಒಲೆಯ ಬಾಯಿ ತೆರೆದಂತೆ ಗಾಳಿ. ಗೇಬ್ರಿಯಲರ ಅಂಗಿ ತೊಯ್ದು ಮೈಗಂಟಿತು. ಆ ಬೇಗೆಯಲ್ಲೇ ಸ್ವರ್ಣಲತಾ ಸಮಾಧಾನದ ಮಾತೆಂಬಂತೆ ತಮ್ಮ ಉಪಕಾರವನ್ನು ಹೊರಗಿಟ್ಟರು. ಆ ಕಾಲೇಜಿನ ಆಫೀಸಿನಲ್ಲಿ ಮಂಗಳೂರಿನ ಸ್ಟೇಸಿ ಎಂಬ ಹುಡುಗಿ ಇದ್ದಾಳೆ, ವಾಟ್ಸಾಪ್ ಗ್ರೂಪಿನಲ್ಲಿ ನಂಬರ್ ಹುಡುಕಿ ಅವಳಿಗೆ ನಿನ್ನೆಯೇ ಫೋನು ಮಾಡಿ ಆಯಿತು ಎಂದರು.

"ಎಂತ ಹೇಳಿದ್ದು ಆಂಟಿ?" ಎಂದ ಪ್ರಿಯನ್.

"ದೊಡ್ಡದೇನಿಲ್ಲ ಮಾರಾಯ. ನಿನ್ನ ಅಪ್ಪನಿಗೆ ಹಾರ್ಟ್ ಉಂಟು, ನೀನು ಓದೋದು ಬಿಟ್ಟು ಅವರ ಸೇವೆ ಮಾಡಿದ್ದು, ಹಾಗಾಗಿ ಮಾರ್ಕು ಹೋಯ್ತು ಅಂತ. ಅವಳು ಪಾಪ, ಅತ್ತೇಬಿಟ್ಟಳು."

ಮುಂದಿನ ಸೀಟಿನಲ್ಲಿ ಗೇಬ್ರಿಯಲರು ತಮ್ಮ ಎದೆಯನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಆ ಸುಳ್ಳನ್ನು ತಾನು ಹೇಳುವುದಿಲ್ಲ, ಕೇಳಿದರೆ ನಿಜವನ್ನೇ ಹೇಳುತ್ತೇನೆ ಎಂದು ಪ್ರಿಯನ್ ಖಡಾಖಂಡಿತವಾಗಿ ಹೇಳಿದ. ಹೇಳು, ಆದರೆ ಸ್ಟೇಸಿಯ ಎದುರಿಗೆ ಅಪ್ಪ ಸ್ವಲ್ಪ ನಿಧಾನಕ್ಕೆ ನಡೆಯಲಿ ಎಂದರು ಸ್ವರ್ಣಲತಾ.

ಕಾಲೇಜಿನ ಮೇಲಿನ ಮಹಡಿಯಲ್ಲಿ ಮೂವರ ಸಮಿತಿ. ಅಧ್ಯಕ್ಷೆ ಲೆಬನಾನಿನ ಹಿರಿಯ ವೈದ್ಯೆ, ಕನ್ನಡಕದ ಮೇಲಿನಿಂದ ನೋಡುವವರು. ಮೊದಲನೇ ಪ್ರಶ್ನೆಯೇ ಜಿಪಿಎ. ಮನೆಯಲ್ಲಿ ಅನಾರೋಗ್ಯವಿತ್ತೆಂದು ಆಫೀಸಿನವರು ಹೇಳಿದರು, ಹೌದೇ ಎಂದು ಮೆತ್ತಗೆ ಕೇಳಿದರು. ತಲೆಯಾಡಿಸಿದ್ದರೆ ಸಾಕಿತ್ತು. ಪ್ರಿಯನ್ ಆಡಿಸಲಿಲ್ಲ. ಎಲ್ಲರೂ ಗಟ್ಟಿಮುಟ್ಟಾಗಿದ್ದರು, ನಾನೇ ಓದಲಿಲ್ಲ, ಆಗ ನನಗೆ ಏನು ಬೇಕೆಂದು ಗೊತ್ತಿರಲಿಲ್ಲ ಎಂದ. ಆಮೇಲೆ ಮೂಲೆಯಲ್ಲಿ ಕೂತಿದ್ದ ಆ ಡ್ರೈವರ ಕತೆ ಹೇಳಿದ. ಅಧ್ಯಕ್ಷೆ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

ಆಗ ಬಾಗಿಲು ತೆರೆದು ಸ್ಟೇಸಿ ಓಡಿಬಂದಳು. "ಪ್ರಿಯನ್, ನಿಮ್ಮ ಪಪ್ಪ ಕೆಳಗೆ ಬಿದ್ದುಬಿಟ್ಟಿದ್ದಾರೆ."

ಕೆಳಗೆ ನಡೆದದ್ದನ್ನು ಪ್ರಿಯನ್ ಆಮೇಲೆ ಮೂರು ಬಾಯಿಗಳಿಂದ ಕೇಳಿದ. ಬೆವರಿನಲ್ಲಿ ಮಿಂದು ನಿಧಾನಕ್ಕೆ ನಡೆದುಬಂದ ಗೇಬ್ರಿಯಲರನ್ನು ನೋಡಿ ಸ್ಟೇಸಿಯೇ ಗಾಬರಿಯಿಂದ ಗಾಲಿಕುರ್ಚಿ ತರಿಸಿದ್ದಳು. ಕುರ್ಚಿ ಕಂಡದ್ದೇ ಬಿಳಿ ಕೋಟಿನ ಮೂವರು ವಿದ್ಯಾರ್ಥಿಗಳು ಸುತ್ತುವರಿದು, ನೋವು ಎಲ್ಲಿ, ಹೇಗೆ, ಎಷ್ಟು ಹೊತ್ತಿನಿಂದ ಎಂದು ಕೇಳತೊಡಗಿದರು. ಗೇಬ್ರಿಯಲರು ಪ್ರಾಯದಲ್ಲಿ ಕೊಂಕಣಿ ನಾಟಕಗಳಲ್ಲಿ ಸಾಯುವ ಪಾತ್ರಗಳಿಗೆ ಹೆಸರಾದವರು. ಎದುರಿಗೆ ಮೂವರು ಪ್ರೇಕ್ಷಕರು, ಮಗನ ಸೀಟಿನ ಪ್ರಶ್ನೆ. ಮೊದಲು ಸಣ್ಣಗೆ ನರಳಿದರು. ವಿದ್ಯಾರ್ಥಿಗಳ ಮುಖ ಬಿಳುಚಿತು. ಅದನ್ನು ನೋಡಿ ಹುರುಪು ಬಂದು, ಕುರ್ಚಿಯಿಂದ ನೆಲಕ್ಕೆ ಜಾರಿದರು.

ಪ್ರಿಯನ್ ಮೆಟ್ಟಿಲು ಹಾರಿ ಬಂದಾಗ ಅಪ್ಪ ಮಂಚದ ಮೇಲಿದ್ದರು, ಎದೆಯ ತುಂಬ ಇಸಿಜಿ ಯಂತ್ರದ ತಂತಿ. ಕೈ ಹಿಡಿದು ಮುಖವನ್ನು ದಿಟ್ಟಿಸಿದ. ಗೇಬ್ರಿಯಲರು ಭುಜದಿಂದ ದವಡೆಯವರೆಗೆ ನೋವು ಹತ್ತಿದ ದಾರಿಯನ್ನು ಇಂಗ್ಲಿಷಿನಲ್ಲಿ ಬಣ್ಣಿಸುತ್ತಿದ್ದರು. ನಡುನಡುವೆ ನಿಲ್ಲಿಸಿ ಎಲ್ಲರೂ ಕೇಳುತ್ತಿದ್ದಾರೋ ಎಂದು ನೋಡುತ್ತಿದ್ದರು. ಪ್ರಿಯನ್ ಹಿಡಿದಿದ್ದ ಕೈ ಬಿಟ್ಟ.

"ಇದು ಹಾರ್ಟ್ ಅಲ್ಲ" ಎಂದ ಅವನು, ಹಿಂದೆ ಬಂದ ಅಧ್ಯಕ್ಷೆಗೆ. "ನಿಜವಾದ ಎದೆನೋವಿನವರು ಇಷ್ಟು ಚೆಂದ ನರಳುವುದಿಲ್ಲ. ಬೆವರು ಕಾರಿನದ್ದು."

ಯಂತ್ರದಿಂದ ಬಂದ ಕಾಗದವೂ ಅದನ್ನೇ ಹೇಳಿತು. ಗೇಬ್ರಿಯಲರು ಕಣ್ಣು ತೆರೆದು, ಪೆಚ್ಚಾಗಿ ನಕ್ಕು, ಎಲ್ಲವನ್ನೂ ಒಪ್ಪಿಕೊಂಡು ಕ್ಷಮೆ ಕೇಳಿದರು. ಇನ್ನು ಪೊಲೀಸರು ಬರುತ್ತಾರೆಂದುಕೊಂಡ ಪೂವಪ್ಪನವರು, "ಖಲಾಸ್ ಪೊರ್ಬುಗಳೇ, ಹೋಗುವ" ಎಂದು ಗೇಬ್ರಿಯಲರಿಗೆ ಗೊಣಗಿ ಬಾಗಿಲ ಕಡೆ ಜರುಗಿದರು.

ಅಧ್ಯಕ್ಷೆ ಮಾತ್ರ ಬಹಳ ಹೊತ್ತು ಆ ಕಾಗದವನ್ನೂ ಗೇಬ್ರಿಯಲರನ್ನೂ ಬದಲಿಸಿ ಬದಲಿಸಿ ನೋಡಿದರು. ಆಮೇಲೆ ಅಪ್ಪ ಮಗ ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಮೊದಲು ಪ್ರಿಯನ್‌ಗೆ ಹೇಳಿದರು: ನೀನು ಸತ್ಯ ಹೇಳಿದೆ, ನನ್ನ ಮೂವರು ವಿದ್ಯಾರ್ಥಿಗಳಿಗೆ ಕಾಣದ್ದು ನಿನಗೆ ಕಂಡಿತು, ನೀನು ಒಳ್ಳೆಯ ವೈದ್ಯನಾಗುತ್ತೀ. ಪ್ರಿಯನ್‌ಗೆ ಕಿವಿಯೊಳಗೆ ಗಂಟೆ ಬಾರಿಸಿದಂತಾಯಿತು. ಆದರೆ ಈ ಜಿಪಿಎಗೆ ಸೀಟು ಕೊಡಲು ನಿಯಮ ಬಿಡುವುದಿಲ್ಲ, ಸಂದರ್ಶನದಲ್ಲಿ ದೊಡ್ಡ ಅನಾರೋಗ್ಯವೋ ಅನಾಹುತವೋ ಸಾಬೀತಾದರೆ ಮಾತ್ರ ವಿನಾಯಿತಿ. ನಿಮ್ಮಲ್ಲಿ ಎಲ್ಲರೂ ಗಟ್ಟಿಮುಟ್ಟು ಎಂದು ನೀನೇ ಹೇಳಿದೆ, ಯಂತ್ರವೂ ಹೇಳಿತು. ಇನ್ನೊಂದು ಕೋರ್ಸು ಮಾಡಿ ಅಂಕ ಏರಿಸಿಕೊಂಡು ಬಾ ಎಂದರು.

ಬಳಿಕ ಗೇಬ್ರಿಯಲರ ಕಡೆ ತಿರುಗಿದರು. ವಿದ್ಯಾರ್ಥಿಗಳ ಅಭ್ಯಾಸಕ್ಕೆ ರೋಗಿಗಳಂತೆ ನಟಿಸುವವರು ಕಾಲೇಜಿಗೆ ಬೇಕಾಗಿದ್ದರಂತೆ. ಒಳ್ಳೆಯವರು ಸಿಗುವುದಿಲ್ಲವಂತೆ. ಭಾನುವಾರದಿಂದ ಬರಬಹುದೇ ಎಂದು ಕೇಳಿದರು.

ಹಿಂದಿರುಗುವಾಗ ಗೇಬ್ರಿಯಲರು ಮಗನ ಕಡೆ ತಿರುಗಿದರು. ನೀನು ಬೇಡವೆಂದರೆ ಹೋಗುವುದಿಲ್ಲ ಪುತಾ ಎಂದರು. ಬಾಲ್ಕನಿಯ ಆ ಕುರ್ಚಿ ಪ್ರಿಯನ್‌ನ ಕಣ್ಣ ಮುಂದೆ ಬಂತು. ಹೋಗಿ ಪಪ್ಪಾ ಎಂದ. ಸ್ವರ್ಣಲತಾ ಹಿಂದಿನ ಸೀಟಿನಲ್ಲಿ ತಲೆತಗ್ಗಿಸಿ ಫೋನು ಒತ್ತುತ್ತಿದ್ದರು.

ಒತ್ತಿದ್ದು ಏನೆಂದು ಕರಾಮಾದಲ್ಲಿ ತಿಳಿಯಿತು. ಲಿಫ್ಟಿನ ಬಾಗಿಲು ತೆರೆದರೆ ಮಹಡಿಯ ಜನವೆಲ್ಲ ಅಲ್ಲಿತ್ತು. ಜೆಸ್ಸಿ ಕೇಕು ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು. ಎಮಿಲಿಯಾ ಆಂಟಿ ಆಗಲೇ ಪ್ರಿಯನ್‌ನ ಮುಂದೆ ಊದಿದ ಮೊಣಕಾಲು ಚಾಚಿದರು.

"ನಾನು ಸುಳ್ಳು ಬರೆಯಲಿಲ್ಲಪ್ಪ" ಎಂದರು ಸ್ವರ್ಣಲತಾ. "ಇವರ ಮನೆಯಲ್ಲೊಬ್ಬರಿಗೆ ಮೆಡಿಕಲ್ ಕಾಲೇಜಲ್ಲಿ ಆಯ್ತು ಅಂತ ಗ್ರೂಪಿಗೆ ಹಾಕಿದ್ದು."

ಜೆಸ್ಸಿ ಮಗನ ಮುಖ ನೋಡಿದರು, ಗಂಡನ ಮುಖ ನೋಡಿದರು. "ಯಾರಿಗೆ?" ಎಂದರು.

ಗೇಬ್ರಿಯಲರು ಆಗಲೇ ಭಾನುವಾರದ ತಯಾರಿಗೆ ಇಳಿದಿದ್ದರು. ಎಮಿಲಿಯಾ ಆಂಟಿಯ ಪಕ್ಕದಲ್ಲಿ ಬಗ್ಗಿ ನಿಂತು, ನೋವು ಕುಟ್ಟಿದ ಹಾಗಿರುತ್ತದೋ ಚುಚ್ಚಿದ ಹಾಗಿರುತ್ತದೋ, ಮೆಟ್ಟಿಲು ಇಳಿಯುವಾಗ ಯಾವ ಕಾಲು ಮುಂದಿಡುತ್ತೀರಿ ಎಂದು ಬಹಳ ಶ್ರದ್ಧೆಯಿಂದ ವಿಚಾರಿಸಿಕೊಂಡು, ತಾವೂ ಒಮ್ಮೆ ಹಾಗೆಯೇ ಕುಂಟಿ ನೋಡುತ್ತಿದ್ದರು.