ನವಪದ್ಮ ರತ್ನದೀಪದವರಿಗೆ, ಗೋತ್ಸು ಪಟ್ಟಣದ ಒಬ್ಬ ಹೆಂಡತಿಯಿಂದ

ಮಾಜಾಂಗ್ ಮೇಜಿನ ಚಕ್ರವರ್ತಿಗಳೂ, ಜನ್ಮವೆಲ್ಲ ಆಡಿದವರಿಗೂ ಮುಖ ತೋರಿಸದ ಮಹಾ ಬಿಂಕದವರೂ, ಅಪ್ಪಿತಪ್ಪಿ ಕೃಪೆ ಮಾಡಿದರೆ ಕೃಪೆಗೆ ಪಾತ್ರನಾದವನ ಪ್ರಾಣವನ್ನೇ ಕೇಳುವರೆಂದು ಹೆಸರಾದವರೂ ಆದ ಚೂರೆನ್-ಪೋತೋ, ಅರ್ಥಾತ್ 'ನವಪದ್ಮ ರತ್ನದೀಪ' ಎಂಬ ಹದಿನಾಲ್ಕು ಬಿಲ್ಲೆಗಳ ಕೈಯವರ ಸನ್ನಿಧಾನಕ್ಕೆ, ಹೆಂಚಿನ ಭಟ್ಟಿ ಬೀದಿಯ ಸೆತ್ಸುಯೊ ಒಕಿಯಾಮ ಎಂಬ ಗೃಹಿಣಿ ಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕ್ಷೇಮಕ್ಕೆ ಧಕ್ಕೆ ಬಂದದ್ದನ್ನು ಯಾರೂ ಕೇಳಿಲ್ಲ. ಧಕ್ಕೆಯೇನಿದ್ದರೂ ತಮ್ಮನ್ನು ಮನೆತುಂಬಿಸಿಕೊಂಡವರಿಗೆ.

ಮೊದಲಿಗೆ ತಮ್ಮ ವಂಶಾವಳಿಗೆ ನನ್ನ ಮೆಚ್ಚುಗೆ ಸಲ್ಲಬೇಕು. ಎಲ್ಲವೂ ಒಂದೇ ಕುಲದ ಬಿಲ್ಲೆಗಳಾಗಿರಬೇಕು, ಒಂದರದು ಮೂರು, ಒಂಬತ್ತರದು ಮೂರು, ನಡುವೆ ಎರಡರಿಂದ ಎಂಟರವರೆಗೆ ಒಂದೊಂದು, ಕೊನೆಗೆ ಬರುವ ಒಂದೇ ಒಂದು ಅತಿಥಿಯೂ ಅದೇ ಕುಲದ್ದಾಗಿರಬೇಕು, ಬೇರೆಯವರ ನೆರಳೂ ಬೀಳಬಾರದು! ಹೆಣ್ಣು ನೋಡಲು ಬಂದ ಬೀಗರೂ ಇಷ್ಟು ಕರಾರು ಹಾಕಿದ್ದನ್ನು ನಾನು ಕಂಡಿಲ್ಲ. ಇಷ್ಟೆಲ್ಲ ಮಡಿಯಿಂದ ಕೂಡಿಸಿಕೊಟ್ಟವನಿಗೆ ತಾವು ಕೊಡುವ ಉಡುಗೊರೆ ಏನೆಂದು ವಿಚಾರಿಸಿದರೆ, ಊರಿನ ಹಿರಿಯರು ತಗ್ಗಿದ ದನಿಯಲ್ಲಿ "ಆ ಕೈ ಕಟ್ಟಿದವನು ಬೇಗ ಸಾಯ್ತಾನಂತೆ" ಅನ್ನುತ್ತಾರೆ.

ಇಂಥ ತಾವು ಕಳೆದ ಚಳಿಗಾಲದ ಒಂದು ಮಧ್ಯಾಹ್ನ ನಮ್ಮ ಪಟ್ಟಣದ ಹಿರಿಯರ ಮಾಜಾಂಗ್ ಕೂಟಕ್ಕೆ ದಯಮಾಡಿಸಿದಿರಿ. ಅಲ್ಲಿ ಹಣ ಕಟ್ಟುವಂತಿಲ್ಲ, ಕುಡಿಯುವಂತಿಲ್ಲ, ಬೀಡಿ ಸಿಗರೇಟು ಸೇದುವಂತಿಲ್ಲ. ಮುದುಕರ ಮೆದುಳಿಗೆ ತುಕ್ಕು ಹಿಡಿಯದಿರಲೆಂದು ನಗರಸಭೆಯವರು ಬಾರ್ಲಿ ಚಹಾ ಕೊಟ್ಟು ಆಡಿಸುತ್ತಾರೆ. ಬೇರೆ ಕಡೆ ಎಷ್ಟೋ ಅಡ್ಡೆಗಳಲ್ಲಿ ಮನೆಮಾರು ಕಳೆದವರು ತಮಗಾಗಿ ಹಂಬಲಿಸುತ್ತಿರುವಾಗ, ತಾವು ಹುಡುಕಿಕೊಂಡು ಬಂದದ್ದು ನನ್ನ ಯಜಮಾನರಾದ ಮಿತ್ಸುಹಾರು ಅವರ ಕೈಗೆ. ತಮ್ಮ ಆಯ್ಕೆಯ ಸೂಕ್ಷ್ಮಕ್ಕೆ ಏನೆನ್ನಲಿ! ಅವರ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಬಲೂನಿನಂತೆ ಉಬ್ಬಿದೆಯೆಂದೂ, ಒಡೆದರೆ ಉಳಿಯುವುದಿಲ್ಲವೆಂದೂ, ಬರುವ ವಾರವೇ ಕುಯ್ದು ಸರಿಮಾಡಬೇಕೆಂದೂ ಪಕ್ಕದ ಹಮಾದ ಪಟ್ಟಣದ ಆಸ್ಪತ್ರೆಯವರು ಆಗಷ್ಟೇ ಹೇಳಿದ್ದರು.

ಎದುರಿಗೆ ಕೂತಿದ್ದವರು ಕ್ಷೌರಿಕ ಹಿರಾಓಕಾ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ನಮ್ಮವರ ತಲೆಯನ್ನು ಮದುವೆಗೆ ಮುಂಚಿನಿಂದಲೂ ಬೇರೆ ಯಾರೂ ಮುಟ್ಟಿದ್ದಿಲ್ಲ. ಹಿರಾಓಕಾ ಐದರ ಬಿಲ್ಲೆಯೊಂದನ್ನು ಎಸೆದರು, ನಮ್ಮವರು "ರೋನ್!" ಎಂದು ಅದನ್ನು ತಮ್ಮದಾಗಿಸಿಕೊಂಡು ಕೈ ಬಿಚ್ಚಿ ಮಲಗಿಸಿದರು. ಆಗ ಕೂಟದಲ್ಲಿ ಚಪ್ಪಾಳೆ ಬಿತ್ತಂತೆ. ಚಪ್ಪಾಳೆಯ ನಡುವೆ ಯಾರೋ ಆ ಸಾವಿನ ಮಾತು ನೆನಪಾಗಿ ಕೈ ಇಳಿಸಿದರಂತೆ, ಆಮೇಲೆ ಎಲ್ಲರೂ.

ಮಾರನೆಯ ದಿನದಿಂದ ನಮ್ಮ ಮನೆ ಜೀವಂತ ಮನುಷ್ಯನ ಸೂತಕದ ಮನೆಯಾಯಿತು. ಕೂಟದ ಅಧ್ಯಕ್ಷರು ದೋಷ ಪರಿಹಾರಕ್ಕೆ ಸುಡಿಸಬೇಕೆಂದು ಆ ಬಿಲ್ಲೆಗಳನ್ನು ಹೊತ್ತು ದೇವಸ್ಥಾನಕ್ಕೆ ಹೋದರೆ, ಪೂಜಾರಿಗಳು "ಪ್ಲಾಸ್ಟಿಕ್ ಸುಡೋ ಹಾಗಿಲ್ಲ ಸ್ವಾಮಿ, ನಗರಸಭೆಯವರು ಬೈತಾರೆ" ಎಂದು ವಾಪಸು ಕಳಿಸಿದರು. ನನ್ನ ನಾದಿನಿ ಬಂದು, ಅಣ್ಣನ ಒಳ್ಳೆಯ ಫೋಟೊ ಯಾವುದಿದೆಯೆಂದು ಆಲ್ಬಮ್ ತಿರುವಿ ಹೋದಳು. ಇನ್ನು ನಮ್ಮವರೋ, ಮೀನು ಹಿಡಿಯುವ ಗಾಳಗಳನ್ನು ಪಕ್ಕದ ಮನೆಯವನಿಗೆ ಕೊಟ್ಟು, ಜಗಳವಾಡಿದ್ದವರನ್ನೆಲ್ಲ ಅವರು ಕೇಳದಿದ್ದರೂ ಕ್ಷಮಿಸಿ, ಸಂತನ ಮುಖ ಹೊತ್ತು ಹಿತ್ತಲಿನ ಪರ್ಸಿಮನ್ ಮರವನ್ನು ನೋಡುತ್ತ ಕುಳಿತರು.

"ಆಸ್ಪತ್ರೆಗೆ ಫೋನ್ ಮಾಡಿ ಬೇಡ ಅಂದುಬಿಡು. ಪಾಪ, ಆ ಡಾಕ್ಟರು ಚಿಕ್ಕ ವಯಸ್ಸಿನವನು. ಹೇಗೂ ಸಾಯೋ ನಾನು ಅವನ ಮೇಜಿನ ಮೇಲೆ ಸತ್ತು ಅವನಿಗೆ ಯಾಕೆ ಕೆಟ್ಟ ಹೆಸರು ತರಲಿ?"

ಇದು ಅವರ ಮಾತು. ಈ ಔದಾರ್ಯಕ್ಕೆ ಪ್ರೇರಣೆ ತಾವು. ನಾನು ಅವರೆದುರಿಗೇ ಹವಾಮಾನ ವರದಿಯ ನಂಬರಿಗೆ ಫೋನ್ ಮಾಡಿ, ನಾಳೆ ಹಿಮ ಬೀಳುವುದೆಂದು ಕೇಳಿಕೊಂಡು, "ಆಗಲಿ ಡಾಕ್ಟರೇ, ದಯವಿಟ್ಟು ಕ್ಷಮಿಸಿ" ಎಂದು ಇಟ್ಟುಬಿಟ್ಟೆ.

ಮಾನ್ಯರೇ, ನನ್ನ ಗಂಡ ಸುಡುವ ಭಟ್ಟಿಯ ಬಾಯಿಗೆ ಕೈ ಹಾಕಿ ಹೆಂಚು ತೆಗೆದವರು. ಆದರೆ ಅವರ ತಂದೆ ಆಪರೇಷನ್ ಮೇಜಿನಿಂದ ಎದ್ದು ಬರಲಿಲ್ಲ, ಅಂದಿನಿಂದ ಇವರು ಆಸ್ಪತ್ರೆಯ ವಾಸನೆಗೂ ಬೆವರುತ್ತಾರೆ. ಅದು ಶುದ್ಧ ಹೆದರಿಕೆ. ಹೆದರಿಕೆ ಎಂದು ಬಾಯಿಬಿಟ್ಟು ಹೇಳಿದ್ದರೆ ನಾನು ಗದರಿಸಿಯೋ ರಮಿಸಿಯೋ ಕರೆದೊಯ್ಯುತ್ತಿದ್ದೆ. ತಾವು ಬಂದು ಆ ಹೆದರಿಕೆಗೆ ರೇಷ್ಮೆಯ ನಿಲುವಂಗಿ ತೊಡಿಸಿ, ಒಂಬತ್ತು ಕಮಲ ಮುಡಿಸಿ, ಕೈಯಲ್ಲಿ ದೀಪ ಕೊಟ್ಟು ವಿಧಿಯೆಂದು ಹೆಸರಿಟ್ಟು ಕೂರಿಸಿದಿರಿ. ಪುಕ್ಕಲನಿಗೆ ಇಷ್ಟು ದೊಡ್ಡ ಮರ್ಯಾದೆಯನ್ನು ತಾವಲ್ಲದೆ ಇನ್ಯಾರು ಕೊಟ್ಟಾರು?

ಆಪರೇಷನ್ನಿನ ದಿನ ಹತ್ತಿರವಾದಾಗ ಹಿರಾಓಕಾ ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ.

"ಅತ್ತಿಗೆ, ಆ ಬಿಲ್ಲೆ ಬೇಕೂಂತಲೇ ಎಸೆದೆ ಅಂತ ಅವನಿಗೆ ಹೇಳ್ತೀನಿ. ಅವನ ಬೆನ್ನ ಹಿಂದಿನ ಕಪಾಟಿನ ಗಾಜಿನಲ್ಲಿ ಅವನ ಕೈ ಕಾಣ್ತಿತ್ತು, ಕನಿಕರಪಟ್ಟು ಕೊಟ್ಟೆ ಅಂತೀನಿ. ಆಗ ಅದು ನಿಜವಾದ ಕೈಯೇ ಅಲ್ಲ, ದೋಷವೂ ತಗಲಲ್ಲ."

"ನಿಜವಾಗಿ ಕಾಣ್ತಿತ್ತಾ?"

"ಎಲ್ಲಿ ಬಂತು! ನನ್ನ ಕಣ್ಣಿಗೆ ನನ್ನ ಬಿಲ್ಲೆಗಳೇ ಸರಿಯಾಗಿ ಕಾಣಲ್ಲ."

"ಅವರ ಸ್ವಭಾವ ನಿಮಗೆ ಗೊತ್ತಲ್ಲ. ಈ ಜನ್ಮದಲ್ಲಿ ನಿಮ್ಮ ಜೊತೆ ಮಾತಾಡಲ್ಲ."

"ಮಾತಾಡದೇ ಇರೋದಕ್ಕಾದ್ರೂ ಬದುಕಿರ್ತಾನಲ್ಲ ಅತ್ತಿಗೆ," ಎಂದರು. ಮರದ ಕೆಳಗೆ ಬಿದ್ದಿದ್ದ ಹಣ್ಣೊಂದನ್ನು ಕಾಲಿನಿಂದ ಬದಿಗೆ ಸರಿಸಿ ಒಳಗೆ ನಡೆದರು.

ಅಡುಗೆಮನೆಯಲ್ಲಿ ನಿಂತೇ ಎಲ್ಲ ಕೇಳಿಸಿಕೊಂಡೆ. ಮೊದಲು ಹಿರಾಓಕಾ ತಮ್ಮ ಸುಳ್ಳನ್ನು ಒಪ್ಪಿಸಿದರು. ಆಮೇಲೆ ಸಂತನ ಮುಖ ಕಳಚಿ ಬಿದ್ದ ಸದ್ದು.

"ದಾನ ಮಾಡಿದೆಯೇನೋ ನನಗೆ? ಭಿಕ್ಷೆ ಹಾಕಿದೆಯಾ? ಜನ್ಮಕ್ಕೊಂದು ಕೈ ಕಟ್ಟಿದೆ ಅಂತ ಹಿಗ್ಗಿದ್ದೆನಲ್ಲೋ, ಕತ್ತರಿ ಹಿಡಿಯೋ ಕಳ್ಳ ನನ್ಮಗನೇ!"

"ಹೌದು ಕಣೋ, ಪಾಪ ಅನ್ನಿಸ್ತು, ಕೊಟ್ಟೆ."

"ನಡಿ ಆಚೆ! ನಾನು ಸತ್ರೆ ನನ್ನ ಫೋಟೊ ಮುಂದೆ ಕೂತು ಮನಸ್ಸಲ್ಲೇ ನಗ್ತೀಯ ಅಲ್ವಾ? ಆ ಸುಖ ನಿನಗೆ ಕೊಡಲ್ಲ. ಬದುಕಿ ಬರ್ತೀನಿ. ಬಂದು ನಿನ್ನ ಎದುರಿಗೇ ನಿಜವಾದ ಕೈ ಕಟ್ಟಿ ತೋರಿಸ್ತೀನಿ. ಸೆತ್ಸುಯೊ! ಆಸ್ಪತ್ರೆಗೆ ಫೋನ್ ಹಾಕು!"

ನಾನು ಮತ್ತೆ ಹವಾಮಾನದವರಿಗೆ ಫೋನ್ ಹಾಕಿದೆ. ಬಿಸಿಲೆಂದರು.

ಹಮಾದದಲ್ಲಿ ಗಾಲಿಮಂಚ ಆಪರೇಷನ್ ಕೋಣೆಯ ಬಾಗಿಲಿಗೆ ತಲುಪುವವರೆಗೂ ಅವರು ಕ್ಷೌರಿಕನನ್ನು ಬೈಯುತ್ತಲೇ ಇದ್ದರು. ಬಾಗಿಲು ತೆರೆದಾಗ ಬೈಗುಳ ನಿಂತಿತು. ನನ್ನ ಕಿರುಬೆರಳು ಹಿಡಿದುಕೊಂಡು, "ಭಯ ಆಗ್ತಿದೆ ಕಣೇ," ಎಂದರು. ನಮ್ಮ ದಾಂಪತ್ಯದಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. "ನಂಗೂ ಆಗ್ತಿದೆ ರೀ, ಹೋಗಿ ಬನ್ನಿ," ಎಂದೆ. ಆಮೇಲೆ ಹೊರಗೆ ಗಾಳಿಗೆ ಬಂದರೆ, ಆಸ್ಪತ್ರೆಯ ಗೇಟಿನಾಚೆ ಹಿರಾಓಕಾ ತಮ್ಮ ಪುಟ್ಟ ವ್ಯಾನಿನಲ್ಲಿ ಗಾಜು ಏರಿಸಿಕೊಂಡು ಕೂತಿದ್ದರು. ನನ್ನ ಡಬ್ಬಿಯಲ್ಲಿದ್ದ ಅನ್ನದ ಉಂಡೆಗಳಲ್ಲಿ ಅರ್ಧ ಅವರಿಗೆ ಕೊಟ್ಟೆ. 

ಯಜಮಾನರು ಬದುಕಿದರು. ತಮ್ಮ ಕೀರ್ತಿಗೆ ಇದರಿಂದ ಕುಂದುಂಟಾಗಿದ್ದರೆ ಅಪಾರವಾಗಿ ಸಂತೋಷಿಸುತ್ತೇನೆ. ಈಗ ಅವರು ರೈಲು ನಿಲ್ದಾಣದ ಎದುರಿನ ಹೊಸ ಅಂಗಡಿಯಲ್ಲಿ ತಲೆ ಕೊಟ್ಟು, ಕೋಳಿ ಕೆದರಿದ ಗುಡ್ಡೆಯಂಥ ಕ್ರಾಪು ಹೊತ್ತು ತಿರುಗುತ್ತಾರೆ. ಹಿರಾಓಕಾ ಬೀದಿಯಲ್ಲಿ ಸಿಕ್ಕರೆ ಆಚೆ ಬದಿಗೆ ದಾಟುತ್ತಾರೆ. ಆದರೂ ಕೂಟಕ್ಕೆ ಹೋದರೆ ಅದೇ ಮೇಜು, ಅದೇ ಎದುರು ಕುರ್ಚಿ. ಸೋಲಿಸಲು ಅವರಿಗೆ ಬೇರೆ ಯಾರೂ ರುಚಿಸುವುದಿಲ್ಲ. ಇಬ್ಬರ ನಡುವೆ ಉಳಿದಿರುವ ಮಾತು "ರೋನ್" ಒಂದೇ. ಅದನ್ನು ಕೇಳಿಸಿಕೊಂಡ ದಿನ ಹಿರಾಓಕಾ ಸಿಳ್ಳೆ ಹಾಕುತ್ತ ಮನೆಗೆ ಹೋಗುತ್ತಾರೆ.

ಹಾಗಾಗಿ ತಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಒಡೆದು ಹೋದ ಗೆಳೆತನವನ್ನು ತಮ್ಮ ರತ್ನದೀಪದ ಬೆಳಕಿನಲ್ಲಿ ಹುಡುಕಿ ತಂದು ಕ್ಷೌರಿಕನ ಅಂಗಡಿಗೆ ಮುಟ್ಟಿಸಬೇಕು. ಪಕ್ಕದ ಮನೆಯವನಿಂದ ಗಾಳಗಳನ್ನು ಬಿಡಿಸಿಕೊಡಬೇಕು. ನನ್ನ ನಾದಿನಿ ಆರಿಸಿಟ್ಟ ಫೋಟೊವನ್ನು ತಾವೇ ಚೌಕಟ್ಟು ಹಾಕಿಸಿ ಇಟ್ಟುಕೊಳ್ಳಬೇಕು. ಈ ಪತ್ರವನ್ನು ಬಹಿರಂಗವಾಗಿ ಬರೆಯಲು ನನಗೆ ಅಂಜಿಕೆಯಿಲ್ಲ. ಯಜಮಾನರು ಪತ್ರಿಕೆಯಲ್ಲಿ ಬೇಸ್‌ಬಾಲ್ ಪುಟವನ್ನಷ್ಟೇ ಓದುತ್ತಾರೆ, ಮಿಕ್ಕ ಪುಟಗಳಲ್ಲಿ ನಾನು ಮೀನು ಸುತ್ತುತ್ತೇನೆ.

ಮತ್ತೆಂದೂ ತಮ್ಮ ದರ್ಶನವಾಗದಿರಲೆಂದು ಹಾರೈಸುವ,
ತಮ್ಮ ವಿಶ್ವಾಸಿ (ಬೇರೆ ಪದ ಸಿಗದ ಕಾರಣ),
ಸೆತ್ಸುಯೊ ಒಕಿಯಾಮ

ವಿ.ಸೂ.: ನಾನೂ ಈಗ ಕೂಟದಲ್ಲಿ ಆಡುವುದನ್ನು ಕಲಿತಿದ್ದೇನೆ. ಮೊನ್ನೆ ತಾವು ನನ್ನ ಕೈಗೂ ಬರತೊಡಗಿದಿರಿ. ಇನ್ನೊಂದೇ ಬಿಲ್ಲೆ ಬಾಕಿಯಿತ್ತು. ನಾನು ಒಂದು, ಒಂಬತ್ತುಗಳನ್ನೆಲ್ಲ ಒಂದೊಂದಾಗಿ ಎಸೆದು, ನಡುವಿನ ಬಡ ಬಿಲ್ಲೆಗಳಿಂದ ಯಾರೂ ತಿರುಗಿ ನೋಡದ ಅಗ್ಗದ ಕೈಯೊಂದನ್ನು ಕಟ್ಟಿ ಗೆದ್ದೆ. ಹಿಂದೆ ನಿಂತಿದ್ದ ಯಜಮಾನರು ತಲೆ ಚಚ್ಚಿಕೊಂಡು, "ಏನನ್ನ ಎಸೆದೆ ಅಂತ ಗೊತ್ತೇನೇ ನಿಂಗೆ?" ಎಂದರು. "ಗೊತ್ತು," ಎಂದೆ.